ನಿಮ್ಮ ಭಾಷೆಗೆ ಸರ್ವರ್ ಬೇಕು, ಆದರೆ ಊರಿಗೆಲ್ಲ ಕಾಣುವಂಥದ್ದಲ್ಲ

ಪ್ರಶ್ನೆ: ನಾವು ಹಾಸನದಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿರುವ ಮೂವರು. ಪ್ರಾಜೆಕ್ಟ್‌ಗೆಂದು ಕನ್ನಡ ಕೀವರ್ಡ್‌ಗಳಿರುವ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಮಾಡಿದ್ದೇವೆ. ಅದನ್ನು ಓದಿ ಓಡಿಸುವ ಇಂಟರ್‌ಪ್ರಿಟರ್ ಸಿ ಭಾಷೆಯಲ್ಲಿದೆ. ಲೂಪ್, ಫಂಕ್ಷನ್, ಫೈಲ್ ಓದುವುದು ಎಲ್ಲ ನಡೆಯುತ್ತಿದೆ. ಹೈಸ್ಕೂಲ್ ಮಕ್ಕಳಿಗೆ ಕಲಿಸಲು ಇದನ್ನು ಬಳಸುವ ಆಸೆ. ಮಕ್ಕಳು ಬರೆದದ್ದು ಬ್ರೌಸರ್‌ನಲ್ಲಿ ಕಾಣಲಿ ಅಂತ ಭಾಷೆಯೊಳಗೇ ಒಂದು ವೆಬ್ ಸರ್ವರ್, ಅಂದರೆ ಬ್ರೌಸರ್ ಕೇಳಿದ ಪುಟ ಕಳಿಸುವ ಪ್ರೋಗ್ರಾಂ, ಸೇರಿಸಲು ಹೊರಟಿದ್ದೇವೆ. ಗೈಡ್ ಮಾತ್ರ "ಅಪಾಚೆಯಂಥ ರೆಡಿ ವೆಬ್ ಸರ್ವರ್ ಇರುವಾಗ ಅದನ್ನೇ ಮತ್ತೆ ಯಾಕೆ ಬರೀತೀರಿ" ಅನ್ನುತ್ತಾರೆ. ಸೇರಿಸಬೇಕೆ? ಸೇರಿಸಿದರೆ ಎಷ್ಟರಮಟ್ಟಿಗೆ?

ಉತ್ತರ: ಸೇರಿಸಿ. ಗೈಡ್ ಹೇಳಿದ್ದರಲ್ಲೂ ಅರ್ಧ ನಿಜವಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಮಧ್ಯಾಹ್ನದ ವಿಷಯ ಹೇಳಿಬಿಡುತ್ತೇನೆ.

ಬೇಲೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ವೆಬ್ ಪುಟ ಮಾಡುವುದನ್ನು ಹೇಳಿಕೊಡಲು ಒಪ್ಪಿಕೊಂಡಿದ್ದೆ. ಚಿಕ್ಕಮಗಳೂರಿನಿಂದ ಹೊರಡುವಾಗ ಜೇಬಿನಲ್ಲಿ ಪೆನ್‌ಡ್ರೈವ್, ಅದರಲ್ಲಿ ಅಪಾಚೆ, ಡೇಟಾಬೇಸ್, ವೆಬ್ ಪುಟ ಕಟ್ಟುವ ಪಿಎಚ್‌ಪಿ ಭಾಷೆ ಎಲ್ಲವನ್ನೂ ಒಟ್ಟಿಗೆ ಕಟ್ಟಿಕೊಟ್ಟ ದೊಡ್ಡ ಪ್ಯಾಕೇಜು. ಲ್ಯಾಬಿನಲ್ಲಿ ಹತ್ತು ಕಂಪ್ಯೂಟರ್. ನಾಲ್ಕರಲ್ಲಿ 80ನೇ ಪೋರ್ಟನ್ನು (ಸರ್ವರ್ ಕೂರುವ ಬಾಗಿಲಿನ ನಂಬರು) ಆಗಲೇ ಬೇರೆ ಯಾವುದೋ ಪ್ರೋಗ್ರಾಂ ಹಿಡಿದುಕೊಂಡಿತ್ತು. ಎರಡರಲ್ಲಿ ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಉಳಿದವುಗಳಲ್ಲಿ ಇನ್‌ಸ್ಟಾಲ್ ಮುಕ್ಕಾಲು ಆಗುವಷ್ಟರಲ್ಲಿ ಮಳೆಗೆ ಕರೆಂಟ್ ಹೋಯಿತು, ಯುಪಿಎಸ್ ಕೀಂ ಕೀಂ ಎಂದು ಐದು ನಿಮಿಷ ಅತ್ತು ಸುಮ್ಮನಾಯಿತು. "ಸಾರ್, ನಮ್ ಹೆಸ್ರು ಯಾವಾಗ ಬರುತ್ತೆ?" ಅಂತ ಕೇಳಿದ ಒಂಬತ್ತನೇ ಕ್ಲಾಸಿನ ಹುಡುಗಿಗೆ ಉತ್ತರ ಕೊಡಲಾಗದೆ ವಾಪಸ್ ಬಂದೆ. ಗುಡ್ಡ ಅಗೆಯಲು ಹೋದವನಿಗೆ ಇಲಿಯೂ ಸಿಗಲಿಲ್ಲ.

ಮುಂದಿನ ವಾರ ಹೋದಾಗ ಇನ್‌ಸ್ಟಾಲ್ ಗೊಡವೆಗೇ ಹೋಗಲಿಲ್ಲ. ಪಿಎಚ್‌ಪಿಯ ಒಂದು ಫೋಲ್ಡರ್ ಕಾಪಿ ಮಾಡಿದೆ, ಕಪ್ಪು ಕಿಟಕಿಯಲ್ಲಿ ಒಂದು ಸಾಲು ಟೈಪ್ ಮಾಡಿಸಿದೆ: ಪಿಎಚ್‌ಪಿ, ಒಂದು ಗೀಟು, ದೊಡ್ಡಕ್ಷರದ ಎಸ್, ಲೋಕಲ್‌ಹೋಸ್ಟ್ (ಅಂದರೆ ಇದೇ ಕಂಪ್ಯೂಟರ್), ಕೋಲನ್, 8000. ಅಷ್ಟೇ. ಬೆಲ್ ಹೊಡೆಯುವ ಮೊದಲೇ ಹತ್ತು ಪರದೆಯಲ್ಲೂ ಹೆಸರು ಬಂತು. ನಿಮ್ಮ ಭಾಷೆ ಇಂಥ ಲ್ಯಾಬಿಗೇ ಹೋಗುವುದಾದರೆ ಈ ಒಂದು ಸಾಲಿನ ಬೆಲೆ ನೀವು ಬರೆದ ಎಲ್ಲ ಲೂಪ್‌ಗಳಿಗಿಂತ ಹೆಚ್ಚು.

ಈ ಬೆಲೆ ದೊಡ್ಡ ಭಾಷೆಗಳಿಗೂ ತಡವಾಗಿಯೇ ಗೊತ್ತಾದದ್ದು. ವೆಬ್ಬಿಗೆಂದೇ ಹುಟ್ಟಿ 1995ರಲ್ಲಿ ಹೊರಬಂದ ಪಿಎಚ್‌ಪಿಗೆ ತನ್ನದೇ ಸರ್ವರ್ ಸಿಕ್ಕಿದ್ದು 2012ರ ಮಾರ್ಚ್‌ನಲ್ಲಿ, 5.4ನೇ ಆವೃತ್ತಿಯಲ್ಲಿ. ಅಲ್ಲಿಯತನಕ ಬೇರೆಯವರ ಜಗಲಿಯೇ ಗತಿ. ಜಾವಾದ್ದು ಇನ್ನೂ ತಮಾಷೆ. ಸರ್ವರ್ ಕಟ್ಟುವ ಕ್ಲಾಸ್ 2006ರ ಜಾವಾ 6ರಿಂದಲೇ ಒಳಗಿತ್ತು. ಆದರೂ ಪ್ರೋಗ್ರಾಂ ಬರೆಯದೆ ಒಂದೇ ಕಮಾಂಡಿನಲ್ಲಿ ಓಡಿಸುವ ಜೆವೆಬ್‌ಸರ್ವರ್ ಬಂದದ್ದು 2022ರ ಮಾರ್ಚ್‌ನಲ್ಲಿ, ಜಾವಾ 18ರ ಜೊತೆ. ನಡುವಿನ ಹದಿನಾರು ವರ್ಷ ಇಲ್ಲದೆ ಹೋದದ್ದು ಸರ್ವರ್ ಅಲ್ಲ, ಆ ಒಂದು ಸಾಲು. ಪೈಥಾನ್‌ನವರು ಇದನ್ನು ಮೊದಲೇ ಕಂಡುಕೊಂಡಿದ್ದರು, ಹಳೆಯ ಎರಡನೇ ಆವೃತ್ತಿಯಲ್ಲೇ ಒಂದು ಸಾಲಿನ ಸರ್ವರ್ ಇತ್ತು. ಗೋ ಭಾಷೆಯ ಕಥೆ ಬೇರೆ. ಅದರೊಳಗಿನ ವೆಬ್ (ಎಚ್‌ಟಿಟಿಪಿ) ಸರ್ವರ್ ನಿಜವಾದ ಸೈಟು ನಡೆಸಲೆಂದೇ ಕಟ್ಟಿದ್ದು. ಅದನ್ನು ನೋಡಿ ಆಸೆಪಡಬೇಡಿ, ಅದರ ಹಿಂದಿರುವ ಜನಬಲ ನಿಮ್ಮಲ್ಲಿಲ್ಲ.

ರೂಬಿಯವರು ಉಲ್ಟಾ ಹೋದರು. ವರ್ಷಗಟ್ಟಲೆ ಭಾಷೆಯ ಜೊತೆಗೇ ಬರುತ್ತಿದ್ದ ವೆಬ್ರಿಕ್ ಎಂಬ ಸರ್ವರನ್ನು 2020ರ ಡಿಸೆಂಬರ್‌ನ 3.0 ಆವೃತ್ತಿಯಲ್ಲಿ ಹೊರಗಿಟ್ಟರು, ಬೇಕಾದವರು ಬೇರೆಯಾಗಿ ಹಾಕಿಕೊಳ್ಳಲಿ ಅಂತ. ನಿಮ್ಮ ಗೈಡ್ ಮಾತಿನ ಅರ್ಧ ನಿಜ ಇಲ್ಲಿದೆ. ಭಾಷೆಯ ಡಬ್ಬಿಯೊಳಗೆ ಹಾಕಿದ್ದನ್ನು ಭಾಷೆ ಇರುವ ತನಕ ಸಾಕಬೇಕು. ಸರ್ವರ್ ಎಂದರೆ ಅಪರಿಚಿತರು ಬಂದು ಮಾತಾಡುವ ಬಾಗಿಲು. ಬಾಗಿಲು ಚಿಕ್ಕದಿದ್ದಷ್ಟೂ ಕಾಯುವುದು ಸುಲಭ.

ಹಾಗಾಗಿ ಎಷ್ಟು ಚಿಕ್ಕದು ಎನ್ನುವುದೇ ನಿಜವಾದ ಪ್ರಶ್ನೆ. ಕೆಲಸದ ಬೆನ್ನೆಲುಬು ನಿಮಗೆ ಗೊತ್ತೇ ಇದೆ: ಸಾಕೆಟ್ (ನೆಟ್‌ವರ್ಕಿನ ಮಾತು ಹರಿಯುವ ಕೊಳವೆ) ತೆರೆ, ವಿಳಾಸಕ್ಕೆ ಕಟ್ಟು, ಕಿವಿಗೊಡು, ಬಂದವರನ್ನು ಒಳಗೆ ಕರೆ, ಅವರು ಕೇಳಿದ್ದನ್ನು ಓದು, ಉತ್ತರ ಬರೆ, ಬಾಗಿಲು ಹಾಕು. ಸಿ ಭಾಷೆಯಲ್ಲಿ ಇನ್ನೂರು ಸಾಲಿನೊಳಗೆ ಓಡುವಂಥದ್ದನ್ನು ಒಂದು ಭಾನುವಾರ ಕೂತು ಬರೆಯಬಹುದು. ನಿಮ್ಮನ್ನು ಕಾಡುವುದು ಆ ಇನ್ನೂರು ಸಾಲಲ್ಲ, ಅದರಲ್ಲಿ ಬರೆಯದೆ ಬಿಟ್ಟದ್ದು.

ಮೊದಲನೆಯದು, ಓದುವುದು. ಬ್ರೌಸರ್ ಕಳಿಸುವುದು ಬರೀ ಅಕ್ಷರ: ಮೊದಲ ಸಾಲಿನಲ್ಲಿ "ಗೆಟ್", ಬೇಕಾದ ಪುಟದ ಹಾದಿ, ಎಚ್‌ಟಿಟಿಪಿ ಆವೃತ್ತಿ. ಕೆಳಗೆ ಸಾಲು ಸಾಲಾಗಿ ಹೆಡರ್‌ಗಳು, ಅಂದರೆ ಕೋರಿಕೆಯ ವಿವರಗಳು. ಕೊನೆಗೊಂದು ಖಾಲಿ ಸಾಲು. ನಿಮ್ಮ ಮೇಜಿನ ಮೇಲೆ ಇದೆಲ್ಲ ಒಂದೇ ಗುಕ್ಕಿಗೆ ಬರುತ್ತದೆ. ವೈಫೈ ಮೇಲೆ ಅರ್ಧ ಈಗ, ಅರ್ಧ ಆಮೇಲೆ ಬರಬಹುದು. ಒಂದೇ ಸಲ ಓದಿ ಮುಗಿಸಿದೆ ಅಂದುಕೊಳ್ಳಬೇಡಿ. ಖಾಲಿ ಸಾಲು ಸಿಗುವ ತನಕ ಓದಿ, ಆದರೆ ಒಂದು ಮಿತಿಯೊಳಗೆ. ಎಂಟು ಕಿಲೋಬೈಟ್ ದಾಟಿದರೂ ಖಾಲಿ ಸಾಲು ಬರಲಿಲ್ಲ ಎಂದರೆ ಬಾಗಿಲು ಹಾಕಿ.

ಎರಡನೆಯದು ನಮ್ಮ ಕನ್ನಡದವರಿಗೇ ಮೀಸಲಾದ ತಾಪತ್ರಯ. ಇಂಗ್ಲಿಷ್ ಪುಟಗಳಿಂದಲೇ ಪರೀಕ್ಷೆ ಮಾಡಿದವರಿಗೆ ಇದು ಕಾಣುವುದೇ ಇಲ್ಲ. ಉತ್ತರ ಕಳಿಸುವಾಗ "ಕಂಟೆಂಟ್-ಲೆಂತ್" ಎಂಬ ಹೆಡರ್‌ನಲ್ಲಿ ಪುಟದ ಉದ್ದ ಹೇಳಬೇಕು. "ಹಾಸನ" ಎಂಬ ಪದವನ್ನೇ ತೆಗೆದುಕೊಳ್ಳಿ. ಎಷ್ಟು ಅಕ್ಷರ? ಹಾ, ಸ, ನ, ಮೂರು ಎನ್ನುತ್ತದೆ ಮಗು. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ನಾಲ್ಕು, ಯಾಕೆಂದರೆ "ಹ" ಬೇರೆ, ಅದರ ದೀರ್ಘ ಬೇರೆ. ತಂತಿಯ ಮೇಲೆ ಹರಿಯುವುದು ಮಾತ್ರ ಹನ್ನೆರಡು ಬೈಟು, ಆ ಸಂಕೇತಗಳನ್ನು ಬೈಟಾಗಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ಹೆಡರ್ ಕೇಳುವುದು ಈ ಹನ್ನೆರಡನ್ನು. ನಿಮ್ಮ ಭಾಷೆಯ ಉದ್ದ ಅಳೆಯುವ ಫಂಕ್ಷನ್ ನಾಲ್ಕು ಎಂದು ಹೇಳಿ, ಅದನ್ನೇ ಹೆಡರ್‌ಗೆ ಹಾಕಿದಿರೋ, ಬ್ರೌಸರ್ ನಾಲ್ಕು ಬೈಟು ಓದಿ ಕೈ ತೊಳೆದುಕೊಳ್ಳುತ್ತದೆ. ಪರದೆಯ ಮೇಲೆ ಒಂದು "ಹ", ಪಕ್ಕದಲ್ಲಿ ಮುರಿದ ದೀರ್ಘದ ಬದಲಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಇಂಗ್ಲಿಷ್‌ನಲ್ಲಿ ಅಕ್ಷರವೂ ಬೈಟೂ ಒಂದೇ ಸಂಖ್ಯೆಯಾದ್ದರಿಂದ ಈ ತಪ್ಪು ಅಲ್ಲಿ ಹೊರಗೆ ಬರುವುದಿಲ್ಲ.

ಉದ್ದ ಸರಿ ಮಾಡಿದ ಮೇಲೂ ಒಂದು ಉಳಿಯುತ್ತದೆ. ಪುಟದ ಬಗೆ ಹೇಳುವ ಹೆಡರ್‌ನಲ್ಲಿ ಬರೀ ಎಚ್‌ಟಿಎಂಎಲ್ ಎಂದು ಹೇಳಿ ಯುಟಿಎಫ್-8 ಎಂದು ಸೇರಿಸದಿದ್ದರೆ, ಪುಟದೊಳಗೂ ಹಾಗೆ ಬರೆದಿರದಿದ್ದರೆ, ಬ್ರೌಸರ್ ಊಹೆಗೆ ಇಳಿಯುತ್ತದೆ. ಹೆಚ್ಚಾಗಿ ವಿಂಡೋಸ್‌ನ ಹಳೆಯ ಯುರೋಪಿಯನ್ ಅಕ್ಷರಪಟ್ಟಿ ಎಂದೇ ಊಹಿಸುತ್ತದೆ. ಆಗ "ಹ"ದ 224, 178, 185 ಎಂಬ ಮೂರು ಬೈಟು ಮೂರು ಬೇರೆ ಬೇರೆ ಚಿಹ್ನೆಯಾಗುತ್ತದೆ: ತಲೆಯ ಮೇಲೆ ಗೀರು ಹೊತ್ತ ಎ, ಮೇಲೆ ಹತ್ತಿ ಕೂತ ಪುಟ್ಟ ಎರಡು, ಇನ್ನೊಂದು ಪುಟ್ಟ ಒಂದು. ಗೀರಿನ ಎ ಮತ್ತು ಪುಟ್ಟ ಎರಡು ಪರದೆ ತುಂಬ ಮತ್ತೆ ಮತ್ತೆ ಕಂಡರೆ ಮಕ್ಕಳು ಫಾಂಟ್ ಹುಡುಕಲು ಹೋಗುತ್ತಾರೆ, ಮೇಷ್ಟ್ರೂ ಹೋಗುತ್ತಾರೆ. ಕಾಯಿಲೆ ಫಾಂಟಿನದಲ್ಲ. ನಿಮ್ಮ ಸರ್ವರ್ ಅಕ್ಷರದ ಎಲ್ಲ ಪುಟಗಳಿಗೂ ಕೇಳದೆಯೇ ಯುಟಿಎಫ್-8 ಎಂದು ಹೇಳಲಿ. ಇದೊಂದನ್ನು ಸರಿಯಾಗಿ ಮಾಡಿದರೂ ನೀವು ಇದನ್ನು ಬರೆದದ್ದಕ್ಕೆ ಸಾರ್ಥಕ.

ಮೂರನೆಯದು ಬಾಗಿಲು ಯಾವ ಕಡೆ ಇರಬೇಕೆಂಬುದು. ಇಲ್ಲಿ ನನ್ನದೇ ಮರ್ಯಾದೆ ಹೋದ ಪ್ರಸಂಗವಿದೆ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿಯ ಸಿಪ್ಪೆ ಬಿಡಿಸಿ ವಿಂಗಡಿಸುವ ಕಾರ್ಖಾನೆ) ಮೂಟೆ ಲೆಕ್ಕದ ಪ್ರೋಗ್ರಾಂ ತೋರಿಸಬೇಕಿತ್ತು. ಮ್ಯಾನೇಜರ್ ಮೊಬೈಲಿನಲ್ಲೇ ನೋಡುತ್ತೇನೆ ಎಂದರು. ಪೈಥಾನ್‌ನ ಒಂದು ಸಾಲಿನ ಸರ್ವರ್ ಹಚ್ಚಿದೆ, ಆದರೆ ಪ್ರಾಜೆಕ್ಟಿನ ಫೋಲ್ಡರ್‌ನಲ್ಲಿ ಅಲ್ಲ, ಡೌನ್‌ಲೋಡ್ಸ್‌ನಲ್ಲಿ ನಿಂತು. ಅದು ಪುಟ ಇಲ್ಲದ ಕಡೆ ಫೋಲ್ಡರ್‌ನಲ್ಲಿರುವ ಫೈಲುಗಳ ಪಟ್ಟಿ ತೋರಿಸುತ್ತದೆ. ನಾನು ಕೇಬಲ್ ಸಿಕ್ಕಿಸುವಷ್ಟರಲ್ಲಿ ಅವರು ಮೊಬೈಲ್‌ನಲ್ಲಿ ವಿಳಾಸ ಹೊಡೆದು ನನ್ನ ಪಟ್ಟಿ ಓದುತ್ತಿದ್ದರು. ಮೂರನೇ ಸಾಲಿನಲ್ಲಿ, ಇದೇ ಕೆಲಸಕ್ಕೆ ಇನ್ನೊಂದು ಕ್ಯೂರಿಂಗ್‌ನವರಿಗೆ ಹನ್ನೆರಡು ಸಾವಿರ ಕಡಿಮೆಗೆ ಕೊಟ್ಟಿದ್ದ ಕೊಟೇಶನ್. ಅವರು ಏನೂ ಹೇಳಲಿಲ್ಲ. ಕಾಫಿ ತರಿಸಿದರು. ಬಿಲ್ ಮಾಡುವಾಗ ಹನ್ನೆರಡು ಸಾವಿರ ಕಳೆದೇ ಮಾಡಿದೆ.

ಪೈಥಾನ್‌ಗೆ ವಿಳಾಸ ಹೇಳದಿದ್ದರೆ ಅದು ಯಂತ್ರದ ಎಲ್ಲ ನೆಟ್‌ವರ್ಕ್ ದಾರಿಗಳ ಮೇಲೂ ಕಿವಿಗೊಟ್ಟು ಕೂರುತ್ತದೆ. ಅದೇ ವೈಫೈಯಲ್ಲಿರುವ ಯಾರು ಬೇಕಾದರೂ ಬರಬಹುದು. ಪಿಎಚ್‌ಪಿ ವಿಳಾಸವನ್ನು ನಿಮ್ಮ ಕೈಯಿಂದಲೇ ಬರೆಸುತ್ತದೆ. ತಡವಾಗಿ ಬಂದ ಜಾವಾ ಇವರಿಬ್ಬರನ್ನೂ ನೋಡಿ ಬುದ್ಧಿ ಕಲಿತ ಹಾಗೆ, ಹೇಳದಿದ್ದರೆ 127.0.0.1 ಮಾತ್ರ, ಅಂದರೆ ಅದೇ ಯಂತ್ರದೊಳಗೆ ಮಾತ್ರ. ನೀವು ಜಾವಾ ದಾರಿ ಹಿಡಿಯಿರಿ. ಲ್ಯಾಬಿನಲ್ಲಿ ಮಕ್ಕಳು ಒಬ್ಬರ ಪುಟ ಇನ್ನೊಬ್ಬರಿಗೆ ತೋರಿಸಲು ಬಯಸುತ್ತಾರೆ ನಿಜ, ಅದಕ್ಕೆ ಬೇಕಾದ ವಿಳಾಸವನ್ನು ಮೇಷ್ಟ್ರು ಬೇಕೆಂದೇ ಟೈಪ್ ಮಾಡಲಿ, ಆಗ ಸರ್ವರ್ "ಈಗ ನಿಮ್ಮ ಫೋಲ್ಡರ್ ಈ ನೆಟ್‌ವರ್ಕಿನ ಎಲ್ಲರಿಗೂ ಕಾಣುತ್ತದೆ" ಎಂದು ಕನ್ನಡದಲ್ಲಿ ಹೇಳಲಿ. ಫೈಲುಗಳ ಪಟ್ಟಿ ತೋರಿಸುವ ಸೌಕರ್ಯ ಬೇಡವೇ ಬೇಡ. ಯಾಕೆಂದು ಮೇಲೆ ಓದಿದಿರಲ್ಲ.

ಫೋಲ್ಡರ್ ದಾಟುವ ಕಳ್ಳದಾರಿ ನಿಮಗೆ ಗೊತ್ತಿರಬಹುದು. ಹಾದಿಯಲ್ಲಿ ಎರಡು ಚುಕ್ಕೆ ಹಾಕಿ ಒಂದು ಮೆಟ್ಟಿಲು ಮೇಲೆ ಹತ್ತುವುದು. ಎರಡು ಚುಕ್ಕೆ ಕಂಡರೆ ಬೇಡ ಎನ್ನುವ ಸಾಲನ್ನು ಎಲ್ಲರೂ ಬರೆಯುತ್ತಾರೆ, ಮತ್ತು ಎಲ್ಲರೂ ಏಮಾರುತ್ತಾರೆ, ಯಾಕೆಂದರೆ ಚುಕ್ಕೆಯನ್ನು ಶೇಕಡ ಚಿಹ್ನೆಯ ವೇಷದಲ್ಲೂ ಕಳಿಸಬಹುದು. ಮೊದಲು ವೇಷ ಬಿಚ್ಚಿ, ಒಂದೇ ಸಲ ಬಿಚ್ಚಿ. ಆಮೇಲೆ ಆಪರೇಟಿಂಗ್ ಸಿಸ್ಟಂನಿಂದಲೇ ಪೂರ್ತಿ ಹಾದಿ ಕೇಳಿ ತಿಳಿದುಕೊಳ್ಳಿ. ಕೊನೆಗೆ ಅದು ನಿಮ್ಮ ಫೋಲ್ಡರ್‌ನ ಹಾದಿಯಿಂದಲೇ ಶುರುವಾಗುತ್ತದೆಯೇ ನೋಡಿ. ಇಲ್ಲೂ ಒಂದು ಗುಂಡಿಯಿದೆ. ನಿಮ್ಮ ಫೋಲ್ಡರ್ "ತೋಟ", ಪಕ್ಕದಲ್ಲೇ "ತೋಟದ-ಲೆಕ್ಕ" ಎಂಬ ಇನ್ನೊಂದು ಫೋಲ್ಡರ್ ಇದ್ದರೆ, "ತೋಟದ-ಲೆಕ್ಕ" ಕೂಡ "ತೋಟ" ಎಂದೇ ಶುರುವಾಗುತ್ತದಲ್ಲ! ಹೋಲಿಸುವಾಗ ಕೊನೆಯ ಓರೆಗೀಟನ್ನೂ ಸೇರಿಸಿಕೊಂಡೇ ಹೋಲಿಸಿ.

ನಾಲ್ಕನೆಯದಕ್ಕೆ ನೀವು ಬೆಪ್ಪಾಗುತ್ತೀರಿ. ಒಂದು ಸಲಕ್ಕೆ ಒಬ್ಬರಿಗೆ ಉತ್ತರ ಕೊಟ್ಟರೆ ಸಾಕು ಎಂದು ಬರೆದಿರುತ್ತೀರಿ, ಮಕ್ಕಳ ಭಾಷೆಗೆ ಅದು ಸಾಕು ಅಂತ ನನಗೂ ಅನಿಸುತ್ತಿತ್ತು. ಆದರೆ ಈಗಿನ ಬ್ರೌಸರ್‌ಗಳು ಮುಂದೆ ಬೇಕಾದೀತು ಎಂದು ಮುಂಚಿತವಾಗಿಯೇ ಒಂದು ಹೆಚ್ಚುವರಿ ಸಂಪರ್ಕ ತೆರೆದಿಟ್ಟು ಏನೂ ಕಳಿಸದೆ ಸುಮ್ಮನಿರುತ್ತವೆ. ನಿಮ್ಮ ಸರ್ವರ್ ಆ ಮೌನಿಯ ಮುಂದೆ ಓದಲು ಕೂತರೆ, ನಿಜವಾಗಿ ಪುಟ ಕೇಳಿದವರು ಹಿಂದೆ ಸಾಲಿನಲ್ಲಿ ಕಾಯುತ್ತಾರೆ. ಪುಟ ಒಮ್ಮೆ ಬರುತ್ತದೆ, ಒಮ್ಮೆ ಸುತ್ತುತ್ತಲೇ ಇರುತ್ತದೆ. ದಿನಗಟ್ಟಲೆ ತಲೆ ಕೆಡಿಸುವ ಜಾತಿಯ ದೋಷ ಇದು. ಪೈಥಾನ್ 3.7ರಲ್ಲಿ ಸಂಪರ್ಕಕ್ಕೊಂದು ಥ್ರೆಡ್ (ಜೊತೆಜೊತೆಗೇ ಓಡುವ ಕೆಲಸದ ಎಳೆ) ಕೊಡುವ ಸರ್ವರ್ ಬಂದದ್ದೇ ಈ ಕಾರಣ ಹೇಳಿ. ನಿಮ್ಮ ಇಂಟರ್‌ಪ್ರಿಟರ್ ಥ್ರೆಡ್‌ಗಳಿಗೆ ತಯಾರಿಲ್ಲದಿದ್ದರೆ ಯಾರು ಮಾತಾಡಿದ್ದಾರೆಂದು ತಿಳಿಸುವ "ಪೋಲ್" ಬಳಸಿ ಮಾತಾಡಿದವರನ್ನು ಮಾತ್ರ ಓದಿ. ಅದೂ ಬೇಡವೆಂದರೆ ಒಂದೆರಡು ಸೆಕೆಂಡಿನ ಗಡುವು ಇಟ್ಟು ಸುಮ್ಮನಿದ್ದವರನ್ನು ಹೊರಗೆ ಕಳಿಸಿ.

ಇದರದೇ ತಮ್ಮ ಒಬ್ಬನಿದ್ದಾನೆ. ಒಂದು ಪುಟದ ಪ್ರೋಗ್ರಾಂ ಅದೇ ಸರ್ವರ್‌ನ ಇನ್ನೊಂದು ಪುಟ ಕೇಳಿದರೆ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಅಲ್ಲೇ ಕಲ್ಲಾಗುತ್ತಾರೆ. ಪಿಎಚ್‌ಪಿಯ ಸರ್ವರ್‌ನಲ್ಲಿ ಇದು ಈಗಲೂ ಆಗುತ್ತದೆ. 7.4ರಿಂದ ಒಂದು ಎನ್ವಿರಾನ್ಮೆಂಟ್ ವೇರಿಯೇಬಲ್‌ನಲ್ಲಿ ಜೊತೆಜೊತೆಗೇ ಓಡುವ ಎಷ್ಟು ಕೆಲಸಗಾರರು (ಪ್ರೋಸೆಸ್) ಬೇಕೆಂದು ಹೇಳಬಹುದು, ವಿಂಡೋಸ್‌ನಲ್ಲಿ ಅದೂ ಇಲ್ಲ. ಇದಕ್ಕೆ ನೀವು ಪರಿಹಾರ ಬರೆಯಬೇಕಿಲ್ಲ, ಕೈಪಿಡಿಯಲ್ಲಿ ಒಂದು ಸಾಲು ಬರೆಯಿರಿ.

ಸಿ ಭಾಷೆಯವರಿಗೆಂದೇ ಎರಡು ಮಾತು. ಬ್ರೌಸರ್ ಪುಟ ಅರ್ಧ ಬಂದಾಗ ಕಿಟಕಿ ಮುಚ್ಚಿದರೆ, ಲಿನಕ್ಸ್‌ನಲ್ಲಿ ನೀವು ಬರೆಯುತ್ತಿರುವ ಸಾಕೆಟ್ ಮುರಿದು ಸಿಗ್‌ಪೈಪ್ ಎಂಬ ಸಿಗ್ನಲ್ ಬರುತ್ತದೆ. ಅದನ್ನು ಕಡೆಗಣಿಸು ಎಂದು ಮೊದಲೇ ಹೇಳಿರದಿದ್ದರೆ ಇಡೀ ಇಂಟರ್‌ಪ್ರಿಟರ್ ಒಂದು ಮಾತೂ ಆಡದೆ ಸತ್ತುಹೋಗುತ್ತದೆ. ಇನ್ನೊಂದು, ಸರ್ವರ್ ನಿಲ್ಲಿಸಿ ತಕ್ಷಣ ಶುರು ಮಾಡಿದರೆ "ವಿಳಾಸ ಬಳಕೆಯಲ್ಲಿದೆ" ಎನ್ನುವ ತಕರಾರು. ಹಳೆಯ ಸಂಪರ್ಕದ ಪಳೆಯುಳಿಕೆ ಸುಮಾರು ಒಂದು ನಿಮಿಷ ಉಳಿದಿರುತ್ತದೆ. ಮಕ್ಕಳು ನಿಮಿಷಕ್ಕೆ ಮೂರು ಸಲ ನಿಲ್ಲಿಸಿ ಶುರು ಮಾಡುತ್ತಾರೆ. ವಿಳಾಸವನ್ನು ಮರುಬಳಸುವ ಸಾಕೆಟ್ ಆಯ್ಕೆಯನ್ನು ಲಿನಕ್ಸ್‌ನಲ್ಲಿ ಹಾಕಿ, ವಿಂಡೋಸ್‌ನಲ್ಲಿ ಹಾಕಬೇಡಿ. ಅಲ್ಲಿ ಅದೇ ಹೆಸರಿನ ಆಯ್ಕೆಗೆ ಅರ್ಥ ಬೇರೆ, ಎರಡು ಪ್ರೋಗ್ರಾಂ ಒಂದೇ ಪೋರ್ಟ್ ಮೇಲೆ ಕೂತುಬಿಡಲು ಬಿಡುತ್ತದೆ.

ಬೇಡವಾದದ್ದರ ಪಟ್ಟಿ ಚಿಕ್ಕದು: ಎಚ್‌ಟಿಟಿಪಿಎಸ್, ಕಂಪ್ರೆಶನ್, ಒಂದೇ ಯಂತ್ರದಲ್ಲಿ ಹಲವು ಸೈಟು, ಎಚ್‌ಟಿಟಿಪಿ 2. ಜಾವಾದ ಆ ಕಮಾಂಡ್ ಇದ್ದ ಫೈಲು ಕೊಡುವುದು ಬಿಟ್ಟು ಬೇರೇನೂ ಮಾಡುವುದಿಲ್ಲ, ಪ್ರೋಗ್ರಾಂ ಕೂಡ ಓಡಿಸುವುದಿಲ್ಲ. ನಿಮ್ಮದು ಓಡಿಸಬೇಕು, ಇಲ್ಲದಿದ್ದರೆ ಭಾಷೆಯೊಳಗೆ ಇಟ್ಟು ಏನು ಬಂತು? ಆದರೆ ಒಂದು ನಿಯಮದಲ್ಲಿ: ಕೇಳಿದ ಹಾದಿಯಲ್ಲಿ ಫೈಲಿದ್ದರೆ ಫೈಲು, ಇಲ್ಲದಿದ್ದರೆ ಮಕ್ಕಳು ಬರೆದ ಒಂದು ಫಂಕ್ಷನ್‌ಗೆ ಹಾದಿಯನ್ನು ಕೊಟ್ಟು ಅದು ಮರಳಿಸಿದ್ದನ್ನು ಕಳಿಸು. ನಿಮ್ಮ ಭಾಷೆಯ ಪ್ರೋಗ್ರಾಂ ಫೈಲುಗಳು ಮಾತ್ರ ಎಂದಿಗೂ ಹಾಗೇ ಹೊರಗೆ ಹೋಗಬಾರದು. ಪಿಎಚ್‌ಪಿ 7.4.21 ಮತ್ತು ಅದರ ಹಿಂದಿನ ಆವೃತ್ತಿಗಳ ಸರ್ವರ್‌ನಲ್ಲಿ, ಒಂದರ ಬೆನ್ನಿಗೆ ಒಂದು ಕೋರಿಕೆ ಅಂಟಿಸಿ ಕಳಿಸಿದರೆ ಪುಟದ ಬದಲು ಪ್ರೋಗ್ರಾಮಿನ ಮೂಲವೇ ಹೊರಬೀಳುವ ದೋಷವಿತ್ತು. ಪರೀಕ್ಷೆಗೆ ಮಾತ್ರ ಬಳಸಿ ಎಂದು ಕೈಪಿಡಿ ಮೊದಲಿನಿಂದ ಹೇಳುತ್ತಲೇ ಇದೆ. ಕೈಪಿಡಿ ಓದುವವರು ಯಾರು?

ಮತ್ತೆ, ದೋಷದ ಪುಟಕ್ಕೆ ಶ್ರಮ ಹಾಕಿ. ಯಾವ ಫೈಲು, ಎಷ್ಟನೇ ಸಾಲು, ಏನು ತಪ್ಪು ಎಂದು ಬ್ರೌಸರ್‌ನಲ್ಲೇ, ಕನ್ನಡದಲ್ಲೇ ಕಾಣಲಿ. ಪೋರ್ಟ್ ಸಿಗದಿದ್ದರೆ "ಬೈಂಡ್ ವಿಫಲ" ಎನ್ನಬೇಡಿ, "8000ನೇ ಪೋರ್ಟ್ ಬೇರೆ ಪ್ರೋಗ್ರಾಂ ಕೈಯಲ್ಲಿದೆ, 8001 ನೋಡಿ" ಎನ್ನಿ. 80ಕ್ಕೆ ಕೈ ಹಾಕಲೇಬೇಡಿ. ಲಿನಕ್ಸ್‌ನಲ್ಲಿ 1024ರ ಕೆಳಗಿನದಕ್ಕೆ ಸಾಮಾನ್ಯವಾಗಿ ಅಡ್ಮಿನ್ ಅಧಿಕಾರ ಬೇಕು, ಆ ಪಾಸ್‌ವರ್ಡ್ ಲ್ಯಾಬಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಗೈಡ್‌ಗೆ ಹೀಗೆ ಹೇಳಿ: ಅಪಾಚೆಗೆ ಪೈಪೋಟಿ ಅಲ್ಲ ಸರ್, ಮನೆಯಲ್ಲಿ ಕಾಫಿ ಹುರಿಯುವ ಬಾಂಡಲಿ ಇದ್ದ ಹಾಗೆ ಇದು, ಕಾಫಿ ಹುರಿಯುವ ಕಾರ್ಖಾನೆ ಮುಚ್ಚಿಸಲು ಯಾರೂ ಹೊರಟಿಲ್ಲ. ಅವರು ವೈವಾದಲ್ಲಿ ಕೇಳುವುದಂತೂ ಗ್ಯಾರಂಟಿ, ಆಗ ಎರಡು ಚುಕ್ಕೆಯ ಕಥೆ ಹೇಳಿ, ಮಾತು ಅಲ್ಲಿಗೇ ಹೋಗುತ್ತದೆ.

ಬರೆದು ಮುಗಿಸಿದ ದಿನ ಒಂದು ಪರೀಕ್ಷೆ ಮಾಡಿ. "ಹಾಸನ" ಎಂದು ಕನ್ನಡದಲ್ಲೇ ಹೆಸರಿಟ್ಟು, ಒಳಗೂ ಅದೇ ಪದ ಬರೆದು ಒಂದು ಫೈಲ್ ಉಳಿಸಿ ಬ್ರೌಸರ್‌ನಲ್ಲಿ ಕೇಳಿ. ಬ್ರೌಸರ್ ಆ ಹನ್ನೆರಡು ಬೈಟನ್ನು ಶೇಕಡ ಚಿಹ್ನೆಗಳ ವೇಷ ಹಾಕಿ ಮೂವತ್ತಾರು ಅಕ್ಷರವಾಗಿ ಕಳಿಸುತ್ತದೆ. ವೇಷ ಬಿಚ್ಚಿ, ಫೈಲು ಹುಡುಕಿ, ಹನ್ನೆರಡು ಎಂದು ಉದ್ದ ಹೇಳಿ, ಯುಟಿಎಫ್-8 ಎಂದು ಬಗೆ ಹೇಳಿ, ಪೂರ್ತಿ ಪದ ಪರದೆಗೆ ಬಂದರೆ ಬೇಲೂರಿನ ಆ ಲ್ಯಾಬಿಗೆ ನಿಮ್ಮ ಭಾಷೆಯನ್ನು ಕರೆದುಕೊಂಡು ಹೋಗಲು ನಾನು ತಯಾರು. ಪೆನ್‌ಡ್ರೈವ್ ನೀವೇ ತನ್ನಿ.